ಒಂದು ಮಂಚ ಯಾವಾಗಲೂ ಖಾಲಿ

ಬೆಂಗಳೂರಿನ ದಾಸರಹಳ್ಳಿಯ ಒಂದೇ ರಸ್ತೆಯಲ್ಲಿ ನಮ್ಮ ಟ್ರಸ್ಟಿನ ಎರಡು ಬಾಡಿಗೆ ಮನೆಗಳಿವೆ. ಎಂಟು ಮಂಚ, ಏಳು ಹುಡುಗರು. ಎಲ್ಲರೂ ಹದಿನೆಂಟು ತುಂಬಿ ಬಾಲಮಂದಿರ, ಅಂದರೆ ಆಸರೆಯಿಲ್ಲದ ಮಕ್ಕಳ ನಿಲಯ, ಬಿಟ್ಟು ಬಂದವರು. ಲೆಕ್ಕ ನೋಡಲು ಬಂದವರೆಲ್ಲ ಮೊದಲು ಕೇಳುವುದು ಆ ಎಂಟನೇ ಮಂಚದ ಬಗ್ಗೆ. 'ತಿಂಗಳಿಗೆ ಮೂರು ಸಾವಿರ ಸುಮ್ನೆ ಹೋಗ್ತಿದೆಯಲ್ಲ, ಇನ್ನೊಬ್ಬನನ್ನು ಸೇರಿಸಿಕೊಳ್ಳಬಾರದಾ?' ಇಷ್ಟು ವರ್ಷ ನನ್ನ ಹತ್ತಿರ ಉತ್ತರ ಇರಲಿಲ್ಲ, ಬರೀ ಹಟ ಇತ್ತು. ಈಗ ಉತ್ತರ ಇದೆ. ಬಾಲಮಂದಿರ ಬಿಟ್ಟು ನಮ್ಮಲ್ಲಿಗೆ ಬಂದು, ನಮ್ಮಿಂದಲೂ ಹೊರಟವರು 22 ಅಥವಾ 23 ಜನ. ಅವರಲ್ಲಿ 18 ಮಂದಿ ಇವತ್ತು ತಮ್ಮ ಹೆಸರಿನಲ್ಲೇ ಬಾಡಿಗೆ ಕರಾರು ಮಾಡಿಕೊಂಡು ಬದುಕುತ್ತಿದ್ದಾರೆ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆ ಇದೆ.

ಶುರುವಿನಲ್ಲಿ ಎಲ್ಲ ತಪ್ಪಾಯಿತು. ಹದಿನೆಂಟು ತುಂಬಿ ಬಾಲಮಂದಿರ ಬಿಡುವವರಿಗೆ ನೆರವು ಕೊಡುವ ಬಗ್ಗೆ ಹೇಳುವುದು ಬಾಲನ್ಯಾಯ ಕಾಯ್ದೆಯ 46ನೇ ಕಲಂ. ಆ ಕಾಯ್ದೆಯ 2016ರ ಮಾದರಿ ನಿಯಮಗಳಲ್ಲಿ ಆರರಿಂದ ಎಂಟು ಜನರ ಗುಂಪು ಮನೆ ಅಂತ ಇದೆ. ನಾನು ಎಂಟು ಜನರನ್ನೇ ಸೇರಿಸಿದೆ, ಜೊತೆಗೊಬ್ಬ ವಾರ್ಡನ್. ಬಾಗಿಲಲ್ಲಿ ಎಂಟು ಜೊತೆ ಚಪ್ಪಲಿ ಕಂಡರೆ ಬೀದಿಯವರು ಸುಮ್ಮನಿರುತ್ತಾರಾ? ಐದನೇ ತಿಂಗಳಿಗೆ ಮಾಲೀಕರು ಖಾಲಿ ಮಾಡಿ ಅಂದರು. ಕೊಟ್ಟ ಅಡ್ವಾನ್ಸ್ 1 ಲಕ್ಷದ 20 ಸಾವಿರ. ಬಣ್ಣ, ನಲ್ಲಿ, ಫ್ಯಾನು ಅಂತ ಕಳೆದು ವಾಪಸ್ ಬಂದಿದ್ದು 85 ಸಾವಿರದಷ್ಟು.

ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆ. ಮನೆ ಬಿಡಬೇಕು ಅಂದಾಗ ಎಂಟೂ ಹುಡುಗರು ಹತ್ತೇ ನಿಮಿಷದಲ್ಲಿ ಟ್ರಂಕು ಕಟ್ಟಿ ನಿಂತರು. ಯಾಕೆ ಅಂತ ಒಬ್ಬನೂ ಕೇಳಲಿಲ್ಲ. ಎತ್ತಿ ಬೇರೆ ಕಡೆ ಇಡುವುದು ಅವರಿಗೆ ಚಿಕ್ಕಂದಿನಿಂದ ರೂಢಿ. ಅವತ್ತೇ ಗೊತ್ತಾಯಿತು, ನಾನು ಮಾಡಿದ್ದು ಮನೆಯಲ್ಲ, ಇನ್ನೊಂದು ಬಾಲಮಂದಿರ. ಟೀ ಕಾಯಿಸಲೂ ಅವರು ವಾರ್ಡನ್ ಮುಖ ನೋಡುತ್ತಿದ್ದರು.

ಎರಡನೇ ಸಲ ಮೂರೇ ಹುಡುಗರು, ವಾರ್ಡನ್ ಇಲ್ಲ, ಪ್ರತಿಯೊಬ್ಬನ ಕೈಯಲ್ಲೂ ಬೀಗದ ಕೈ. ನಮ್ಮವರೇ ವಿರೋಧಿಸಿದರು. 'ಹದಿನೆಂಟರ ಹುಡುಗರು, ಒಂದು ತಿಂಗಳಲ್ಲಿ ಮನೆ ಹಾಳು' ಅಂದರು. ಮೊದಲ ದಿನ ರಾತ್ರಿ ಎಂಟಕ್ಕೆ ನೋಡಲು ಹೋದೆ. ಒಬ್ಬ ಮೆಟ್ಟಿಲ ಮೇಲೆ ಕತ್ತಲಲ್ಲಿ ಕೂತಿದ್ದ. ಪೀಣ್ಯದ ಲೇತ್ ಶಾಪಿನಿಂದ ಆರೂವರೆಗೇ ಬಂದಿದ್ದ. ಕೈಗೆಲ್ಲ ಆಯಿಲ್ ಮೆತ್ತಿತ್ತು, ಊಟದ ಡಬ್ಬಿ ತೊಡೆಯ ಮೇಲಿತ್ತು. ಕೀ ಕಳೆದುಕೊಂಡೆಯಾ ಅಂದೆ. ಜೇಬಿನಿಂದ ತೆಗೆದು ತೋರಿಸಿದ. 'ಇದೆ ಸಾರ್. ಒಳಗೆ ಹೋಗು ಅಂತ ಯಾರೂ ಹೇಳಲಿಲ್ಲ.'

ಅಡುಗೆಯದೂ ಇದೇ ಕಥೆ. ಬಾಲಮಂದಿರದ ಅಡುಗೆಮನೆಯಲ್ಲಿ ಕೈಯಾಡಿಸಿ ಕಲಿತವನಿಗೆ 60 ಜನರ ಅಳತೆ ಗೊತ್ತು, ಮೂರು ಜನರದ್ದು ಗೊತ್ತಿಲ್ಲ. ಮೊದಲ ವಾರ ಎರಡು ಕೆಜಿ ಅಕ್ಕಿ ಹಾಕಿಬಿಟ್ಟ. ಎರಡು ದಿನ ಚಿತ್ರಾನ್ನವೇ. ಆಮೇಲೆ ಇಬ್ಬರಿಗೆ ಒಂದು ಸ್ಟೀಲ್ ಲೋಟ ಅಂತ ಗುರುತು ಮಾಡಿಕೊಟ್ಟೆ. ಇಂಥ ತರಬೇತಿಗೆ ಪುಸ್ತಕ ಬೇಕಿಲ್ಲ, ಆ ಲೋಟ ಸಾಕು.

ಈಗ ದುಡ್ಡು. ಒಂದು ಮನೆಗೆ ಬಾಡಿಗೆ ಸುಮಾರು 13 ಸಾವಿರ, ಜೊತೆಗೆ ನೀರು. ಕರೆಂಟು ಗೃಹಜ್ಯೋತಿಯಲ್ಲಿ ಹೋಗುತ್ತದೆ, ಬಾಡಿಗೆದಾರರೂ ನೋಂದಾಯಿಸಬಹುದು, ಮರೆಯಬೇಡಿ. ಗ್ಯಾಸಿಗೆ ಐದು ಕೆಜಿ ಸಿಲಿಂಡರ್ ಒಳ್ಳೆಯದು, ವಿಳಾಸದ ದಾಖಲೆ ಕೇಳುವುದಿಲ್ಲ. ಒಬ್ಬ ಹುಡುಗನಿಗೆ ಎಲ್ಲ ಸೇರಿ ತಿಂಗಳಿಗೆ ಏಳು ಸಾವಿರದ ಹತ್ತಿರ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇಂಥ ಹುಡುಗನಿಗೆ ತಿಂಗಳಿಗೆ ಸಿಗುವ 4,000 ರೂಪಾಯಿಯನ್ನು ಬಾಡಿಗೆಗೆ ನೆಚ್ಚಿಕೊಳ್ಳಬೇಡಿ. ಅದು ಅವನ ಓದಿಗೆ, ಊಟಕ್ಕೆ ಇರಲಿ.

ಹುಡುಗರಿಂದ ನಾವು ಬಾಡಿಗೆ ತೆಗೆದುಕೊಳ್ಳುತ್ತೇವೆ. ಈ ಮಾತಿಗೆ ಟ್ರಸ್ಟಿನ ಹಿರಿಯರೊಬ್ಬರು ಸಭೆಯಿಂದ ಎದ್ದೇ ಹೋಗಿದ್ದರು. ಮೊದಲ ಎರಡು ತಿಂಗಳು ಏನೂ ಇಲ್ಲ. ಆಮೇಲೆ ನಾಲ್ಕು ತಿಂಗಳು 500, ಮುಂದಿನ ಆರು ತಿಂಗಳು 1,500, ಕೊನೆಯ ಆರು ತಿಂಗಳು 3,000. ಅಷ್ಟೂ ಅವನ ಹೆಸರಿನ ಆರ್‌ಡಿಗೆ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿಗೆ, ಹೋಗುತ್ತದೆ, ಮೊತ್ತ ಏರಿದಾಗಲೆಲ್ಲ ಹೊಸ ಆರ್‌ಡಿ. ಹದಿನೆಂಟು ತಿಂಗಳಿಗೆ 29 ಸಾವಿರ, ಅದರ ಮೇಲೆ ಬಡ್ಡಿ. ಒಂದು ಸಿಂಗಲ್ ರೂಮಿನ ಅಡ್ವಾನ್ಸಿಗೆ ಸರಿಹೋಗುತ್ತದೆ. ಸಂಬಳ ಬಂದ ದಿನವೇ ಬಾಡಿಗೆ ಎತ್ತಿಡುವ ಅಭ್ಯಾಸ ಬೇರೆ. ಅಡ್ವಾನ್ಸನ್ನು ದಾನವಾಗಿ ಪಡೆದ ಹುಡುಗರಲ್ಲಿ ಅರ್ಧ ಜನ ಎರಡನೇ ತಿಂಗಳಿಗೇ ಬಾಡಿಗೆ ತಪ್ಪಿಸಿದ್ದನ್ನು ನೋಡಿದ್ದೇನೆ.

ನಡುವೆ ಇನ್ನೊಂದು ಪ್ರಯೋಗ ಮಾಡಿ ಕೈ ಸುಟ್ಟುಕೊಂಡೆವು. ಪ್ರತಿ ಭಾನುವಾರ ಒಂದೊಂದು ಕುಟುಂಬ ಒಬ್ಬೊಬ್ಬನನ್ನು ಊಟಕ್ಕೆ ಕರೆಯುವುದು ಅಂತ. ಒಳ್ಳೆಯ ಜನರೇ. ಆದರೆ ಎರಡು ತಿಂಗಳಾದ ಮೇಲೆ ಪರೀಕ್ಷೆ, ಮದುವೆ, ಊರು ಅಂತ ಒಬ್ಬೊಬ್ಬರೇ ನಿಂತರು. ಒಬ್ಬ ಹುಡುಗ ಇಸ್ತ್ರಿ ಅಂಗಿ ಹಾಕಿಕೊಂಡು ಮೂರು ಭಾನುವಾರ ಫೋನಿಗೆ ಕಾದ. ಅಲ್ಲಿಗೆ ನಿಲ್ಲಿಸಿದೆವು. ಕೆಲಸಕ್ಕೆ ಬಂದದ್ದು ಹದಿನೇಳೂವರೆ ವಯಸ್ಸಿಗೇ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದು. ಹದಿನೆಂಟು ತುಂಬಿದ ಮೇಲೆ ಮೈನರ್ ಖಾತೆಗೆ ಹೊಸ ಕೆವೈಸಿ (ಗುರುತು, ವಿಳಾಸದ ದಾಖಲೆ), ಹೊಸ ಸಹಿ ಬೇಕು. ಆಧಾರ್‌ನಲ್ಲಿ ಬಾಲಮಂದಿರದ ವಿಳಾಸ. ಮೊದಲೇ ವಿಚಾರಿಸಿಟ್ಟರೆ ಮೊದಲ ಸಂಬಳ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಮನೆ ಹುಡುಕುವಾಗ ಮಾಲೀಕರ ಹತ್ತಿರ ನಾನು ಆಡುವ ಮೊದಲ ಮಾತು ಯಾವುದು ಅಂತ ತುಂಬಾ ಜನ ಕೇಳಿದ್ದಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಜೊತೆಯಲ್ಲಿ ಓಡಾಡಿ, ಕಲಿಸುತ್ತೇನೆ.

ಇನ್ನು ಆ ಮಂಚ. ನಮ್ಮಿಂದ ಹೊರಟ ಮೊದಲ ಹುಡುಗರಲ್ಲಿ ಒಬ್ಬನಿಗೆ ನಾಲ್ಕೇ ತಿಂಗಳಿಗೆ ಕೆಲಸ ಹೋಯಿತು, ರೂಮೂ ಹೋಯಿತು. ಒಂಬತ್ತು ರಾತ್ರಿ ಯಶವಂತಪುರ ಸ್ಟೇಷನ್ನಿನಲ್ಲಿ ಮಲಗಿದ್ದ. ನಮ್ಮ ಮನೆ ಅಲ್ಲಿಂದ ಮೆಟ್ರೋದಲ್ಲಿ ಕಾಲು ಗಂಟೆ ದೂರ. ಅಂಕಪಟ್ಟಿಯ ಜೆರಾಕ್ಸಿಗೆ ಬಂದಾಗಷ್ಟೇ ವಿಷಯ ತಿಳಿದಿದ್ದು. ಯಾಕೋ ಬರಲಿಲ್ಲ ಅಂದೆ. 'ನನ್ನ ಜಾಗಕ್ಕೆ ಬೇರೆಯವನು ಬಂದಿರ್ತಾನೆ ಅಂದ್ಕೊಂಡೆ ಸಾರ್.' ಅವನು ಹೇಳಿದ್ದು ನಿಜವೇ ಆಗಿತ್ತು.

ಮರುದಿನದಿಂದ ಒಂದು ಮಂಚ ಖಾಲಿ. ಹಿಂದೆ ಇದ್ದ ಯಾರು ಬೇಕಾದರೂ 15 ರಾತ್ರಿ ಇರಬಹುದು. ಅರ್ಜಿ ಇಲ್ಲ, ವಿಚಾರಣೆ ಇಲ್ಲ. ಅದಕ್ಕಿಂತ ಜಾಸ್ತಿ ಬೇಕಾದರೆ ಮತ್ತೆ 500ರಿಂದ ಬಾಡಿಗೆ ಶುರು. ಇಲ್ಲಿಯವರೆಗೆ ಹತ್ತೋ ಹನ್ನೊಂದೋ ಸಲ ಬಳಕೆಯಾಗಿರಬೇಕು. ಒಬ್ಬ ಜ್ವರ ಬಂತು ಅಂತ ಒಂದೇ ರಾತ್ರಿಗೆ ಬಂದಿದ್ದ, ಇನ್ನೊಬ್ಬ 40 ದಿನ ಇದ್ದ.

ಬಂದು ಮಲಗಿದವರು ಕಡಿಮೆ, ಆದರೆ ಹೊರಡುವವರು ಬೇಗ ಹೊರಡತೊಡಗಿದರು. ಇದನ್ನು ನಾನು ಎಣಿಸಿರಲೇ ಇಲ್ಲ. ಮುಂಚೆ ವಯಸ್ಸು 21 ತುಂಬುವ ದಿನದವರೆಗೂ ಅಂಟಿಕೊಂಡಿರುತ್ತಿದ್ದರು, 23ರವರೆಗೆ ಮುಂದುವರಿಸಿ ಅಂತ ಪತ್ರ ಬರೆಸುತ್ತಿದ್ದರು. ಈಗ ಹದಿನೆಂಟು, ಇಪ್ಪತ್ತು ತಿಂಗಳಿಗೆ ತಾವೇ ರೂಮು ನೋಡಿಕೊಂಡು ಬರುತ್ತಾರೆ. ಬಿದ್ದರೆ ಬರಲು ಜಾಗ ಇದೆ ಅಂತ ಗೊತ್ತಲ್ವಾ. ಹಾಗೆ ನೋಡಿದರೆ ತಿಂಗಳಿಗೆ ಮೂರು ಸಾವಿರ ತಿನ್ನುವ ಆ ಮಂಚ ವರ್ಷಕ್ಕೆ ಒಬ್ಬಿಬ್ಬರು ಹೊಸ ಹುಡುಗರಿಗೆ ಜಾಗ ಬಿಡಿಸಿಕೊಟ್ಟಿದೆ.

ಸಭೆಯಿಂದ ಎದ್ದು ಹೋಗಿದ್ದ ಹಿರಿಯರೇ ಈಗ ಲಗ್ಗೆರೆಯಲ್ಲಿ ಮೂರನೇ ಮನೆ ತೋರಿಸಿದ್ದಾರೆ. ಅಡ್ವಾನ್ಸಿಗೆ ಇನ್ನೂ 30 ಸಾವಿರ ಕೂಡಬೇಕು. ನಾಲ್ಕು ಮಂಚ ಹಿಡಿಯುತ್ತದೆ. ಮೂರು ಹುಡುಗರ ಹೆಸರು ಬರೆದುಕೊಂಡಿದ್ದೇವೆ.