ಕಂಡೆನ್ಸರ್ ಲೆಕ್ಕದಲ್ಲಿ ನಾನು ಮೊದಲು ನೋಡುವುದು

ಹಬೆಯನ್ನು ತಣಿಸಿ ದ್ರವವಾಗಿಸುವ ಯಂತ್ರ, ಅಂದರೆ ಕಂಡೆನ್ಸರ್, ಅದರ ಲೆಕ್ಕಕ್ಕೆ ಕೂತಾಗ ನಾನು ಮೊದಲು ಸೂತ್ರ ಹುಡುಕುವುದಿಲ್ಲ, ಶಾಖಕ್ಕೆ ಅಡ್ಡಿ ಎಲ್ಲಿದೆ ಎಂದು ನೋಡುತ್ತೇನೆ. ಕೊಳವೆಯ ಹೊರಗೆ ಶುದ್ಧ ಹಬೆ, ಒಳಗೆ ತಣ್ಣೀರು ಎನ್ನಿ. ಹಬೆಯ ಕಡೆ ಶಾಖ ವರ್ಗಾವಣೆಯ ಗುಣಾಂಕ 10,000 (ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಇಷ್ಟು ವಾಟ್), ನೀರಿನ ಕಡೆ 5,000, ಎರಡೂ ಕಡೆಯ ಫೌಲಿಂಗ್ (ಕೊಳವೆಗೆ ಅಂಟಿದ ಕೊಳೆ) ಒಡ್ಡುವ ಅಡ್ಡಿ ಸೇರಿ 0.0003 ಎಂದು ಹಿಡಿದು, ಅಡ್ಡಿಗಳನ್ನು (ಗುಣಾಂಕದ ವಿಲೋಮವೇ ಅಡ್ಡಿ) ಕೂಡಿಸಿದರೆ ಒಟ್ಟು ಗುಣಾಂಕ ಸುಮಾರು 1,670. ಈಗ ಹಬೆಯದ್ದನ್ನು 13,000ಕ್ಕೆ ಏರಿಸಿ: ಒಟ್ಟಿನಲ್ಲಿ ಹೆಚ್ಚುವುದು ಶೇ 4 ಮಾತ್ರ. ಇಂಥಲ್ಲಿ ಹಬೆಯ ಕಡೆಗೆ ಜರ್ಮನ್ ಎಂಜಿನಿಯರ್ ನುಸೆಲ್ಟ್ 1916ರಲ್ಲಿ ಕೊಟ್ಟ, ಕೊಳವೆಯ ಮೇಲೆ ಹರಿಯುವ ದ್ರವಪದರದ ಸೂತ್ರವೇ ಧಾರಾಳವಾಯಿತು. ಮೇಲಿನ ಸಾಲಿನಿಂದ ಕೆಳಗಿನ ಕೊಳವೆಗಳ ಮೇಲೆ ದ್ರವ ಸುರಿಯುವುದಕ್ಕೆ ಮಾತ್ರ, ಸಾಲುಗಳ ಸಂಖ್ಯೆಗೆ ಅವರ −1/4 ಘಾತದ ಬದಲು ಎಂಜಿನಿಯರ್ ಕರ್ನ್ ಅವರ −1/6 ಹಾಕುತ್ತೇನೆ.

ಒಳಬರುವ ಹಬೆ ಅತಿತಪ್ತವಾಗಿದ್ದರೆ (ಕುದಿಬಿಂದುವಿಗಿಂತ ಬಿಸಿಯಾಗಿದ್ದರೆ), ಅಥವಾ ದ್ರವ ಕುದಿಬಿಂದುವಿಗಿಂತ ತಣ್ಣಗಾಗಿ ಹೊರಬೀಳುತ್ತಿದ್ದರೆ, ಇಡೀ ಯಂತ್ರಕ್ಕೆ ಒಂದೇ ಸರಾಸರಿ ತಾಪವ್ಯತ್ಯಾಸ ಹಚ್ಚುವಂತಿಲ್ಲ. ವಲಯ ವಲಯವಾಗಿ ಒಡೆದು ವಿಸ್ತೀರ್ಣ ಕೂಡಿಸಬೇಕು. ಕೊಳವೆಯ ಮೈ ಸಂತೃಪ್ತ ತಾಪಕ್ಕಿಂತ (ಆ ಒತ್ತಡದಲ್ಲಿ ಹಬೆ ದ್ರವವಾಗುವ ತಾಪ) ತಣ್ಣಗಿದ್ದರೆ ಅತಿತಪ್ತ ಹಬೆಯೂ ಅಲ್ಲೇ ನೇರವಾಗಿ ದ್ರವವಾಗುತ್ತದೆ. ಆಗ ಆ ಭಾಗಕ್ಕೆ ಬೇರೆ ಒಣ ವಲಯ ಬೇಕಿಲ್ಲ.

ನನ್ನ ನಿಜವಾದ ತಲೆನೋವು ಗಾಳಿ. ತೂಕದಲ್ಲಿ ಶೇ 0.5ರಷ್ಟು ಗಾಳಿ ಬೆರೆತು ಹಬೆ ನಿಧಾನವಾಗಿ ಚಲಿಸುತ್ತಿದ್ದರೂ ಸಾಕು, ಶಾಖ ವರ್ಗಾವಣೆ ಅರ್ಧಕ್ಕೆ ಕುಸಿಯಬಹುದು. ಆಗ ಮೇಲಿನ 10,000ಕ್ಕೆ ಅರ್ಥವೇ ಇಲ್ಲ. ವೆಂಟ್ (ಗಾಳಿ ಹೊರಬಿಡುವ ದ್ವಾರ) ಎಲ್ಲಿದೆ, ಹಬೆ ಹೋಗದ ಮೂಲೆ ಯಾವುದು ಎಂದು ನಕ್ಷೆಯಲ್ಲಿ ನೋಡುವುದು ಇನ್ನೊಂದು ಸೂತ್ರ ಕಲಿಯುವುದಕ್ಕಿಂತ ಲಾಭ.

ಓಡುತ್ತಿರುವ ಯಂತ್ರ ಸಿಕ್ಕರೆ ಅಡ್ಡಿ ಅಳೆಯಲು ವಿಲ್ಸನ್ ನಕ್ಷೆ ಎಂಬ ಗ್ರಾಫ್ ಎಳೆಯುತ್ತೇನೆ. ನೀರಿನ ವೇಗವನ್ನಷ್ಟೇ ಬದಲಿಸುತ್ತಾ ಹೋಗಿ, ಒಟ್ಟು ಗುಣಾಂಕದ ವಿಲೋಮವನ್ನು ವೇಗದ 0.8 ಘಾತದ ವಿಲೋಮದ ಎದುರು ಗುರುತಿಸುವುದು. ಗೆರೆ ಲಂಬಾಕ್ಷವನ್ನು ಕಡಿಯುವಲ್ಲಿ ಹಬೆ, ಲೋಹ, ಫೌಲಿಂಗ್ ಮೂರರ ಅಡ್ಡಿಯೂ ಒಟ್ಟಿಗೆ ಸಿಗುತ್ತದೆ. ಹಬೆಯ ಹೊರೆ ಏರಿಳಿದರೆ ಗೆರೆ ನೆಟ್ಟಗೆ ಬರುವುದಿಲ್ಲ, ಆದ್ದರಿಂದ ಹೊರೆ ಸ್ಥಿರವಾಗುವವರೆಗೆ ಕಾಯುವುದೇ ಇಲ್ಲಿ ಅರ್ಧ ಕೆಲಸ.

ದ್ರವ ಕುದಿದು ಹಬೆಯಾಗುವ ಕಡೆಯ ಲೆಕ್ಕದಲ್ಲಿ ಈ ನೆಮ್ಮದಿ ಇಲ್ಲ. ಕುದಿತದ ಶಾಖದ ಹರಿವು ಹೇಳುವ ರೋಸೆನಾವ್ ಸೂತ್ರದಲ್ಲಿ ಮೇಲ್ಮೈ ಸ್ಥಿರಾಂಕದ (ದ್ರವ ಮತ್ತು ಮೇಲ್ಮೈಯ ಜೋಡಿಗೆ ತಕ್ಕ ಅಂಕಿ) ಮೂರನೇ ಘಾತ ಛೇದದಲ್ಲಿ ಕೂತಿದೆ, ಅದನ್ನು 0.013ರ ಬದಲು 0.006 ಎಂದರೆ ಶಾಖದ ಹರಿವು ಹತ್ತು ಪಟ್ಟು ಬರುತ್ತದೆ! ಮೇಲ್ಮೈಯ ಅಳತೆಯ ಮಾಹಿತಿ ಇಲ್ಲದಿದ್ದರೆ ಕುದಿತಕ್ಕೇ ಇರುವ ಇನ್ನೊಂದು ಸೂತ್ರವಾದ ಕೂಪರ್ ಸೂತ್ರದಿಂದಲೂ ಲೆಕ್ಕ ಹಾಕಿ, ಎರಡರಲ್ಲಿ ಕಡಿಮೆ ಬಂದದ್ದನ್ನೇ ಹಿಡಿಯುತ್ತೇನೆ.