ದುಡಿಮೆ ನಿಂತಿಲ್ಲ, ದುಡ್ಡು ಬಂದಿಲ್ಲ: ಫ್ರೀಲಾನ್ಸರ್‌ಗಳು ಮೊದಲು ಮಾಡಬೇಕಾದದ್ದು

ಮಂಡ್ಯದ ಕಬ್ಬು ಬೆಳೆಗಾರರ ಮನೆಯ ಮಕ್ಕಳಿಗೆ ಬಾಕಿ ಎಂದರೇನು ಎಂದು ಹೇಳಿಕೊಡಬೇಕಾಗಿಲ್ಲ. ಅದೇ ಮನೆಯ ಮಗಳು ಮೈಸೂರಿನ ಕುವೆಂಪುನಗರದಲ್ಲಿ ರೂಮು ಮಾಡಿಕೊಂಡು ಕಂಪನಿಗಳಿಗೆ ಡಿಸೈನ್ ಮಾಡಿಕೊಡುತ್ತಿದ್ದರೆ ಅವಳದೂ ಈಗ ಅದೇ ಪಾಡು. ಆರ್ಥಿಕ ಹಿಂಜರಿತ ಫ್ರೀಲಾನ್ಸರ್‌ಗಳನ್ನು ತಟ್ಟುವುದು ಹೀಗೆಯೇ. ಕೆಲಸ ಕೈತಪ್ಪುವುದು ಆಮೇಲೆ. ಅದಕ್ಕೂ ಮುಂಚೆ ‘ಅಕೌಂಟ್ಸ್‌ನವರು ರಜದಲ್ಲಿದ್ದಾರೆ’, ‘ಮುಂದಿನ ತಿಂಗಳು ನೋಡೋಣ’ ಶುರುವಾಗುತ್ತದೆ. ಆದ್ದರಿಂದ ಹೊಸ ಕೆಲಸ ಹುಡುಕುವ ಮೊದಲು, ಮಾಡಿ ಮುಗಿಸಿದ ಕೆಲಸದ ದುಡ್ಡು ಕೈಗೆ ತರಿಸಿಕೊಳ್ಳಿ.

ಮೊದಲು ಬಾಕಿ

ಯಾರು, ಎಷ್ಟು, ಯಾವ ತಾರೀಖಿನ ಬಿಲ್ಲು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹಳೆಯ ಬಾಕಿ ಮೇಲಿರಲಿ. ಬಿಲ್ಲೇ ಕೊಡದೆ ಬರೀ ವಾಟ್ಸ್ಆ್ಯಪ್ ಮಾತಿನಲ್ಲಿ ಮುಗಿಸಿದ ಕೆಲಸವಿದ್ದರೆ ಇವತ್ತೇ ಬಿಲ್ಲು ಮಾಡಿ ಇಮೇಲ್ ಕಳಿಸಿ.

ಕಬ್ಬಿಗೆ 1966ರ ನಿಯಂತ್ರಣ ಆದೇಶವಿದೆ: ಕಾರ್ಖಾನೆ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ನಿಮ್ಮ ಕೆಲಸಕ್ಕೂ ಇಂಥದ್ದೊಂದು ಕಾನೂನಿದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸೇವೆ ಪಡೆದವರು ಲಿಖಿತ ಒಪ್ಪಂದವಿದ್ದರೆ ಅದರಲ್ಲಿರುವ ಗಡುವಿನೊಳಗೆ ಹಣ ಕೊಡಬೇಕು. ಆ ಗಡುವು 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳು ಸೇರುವ ಚಕ್ರಬಡ್ಡಿ.

ಇದರ ಲಾಭ ಸಿಗಬೇಕಾದರೆ ನೀವು ಕೇಂದ್ರ ಸರ್ಕಾರದ ‘ಉದ್ಯಮ್’ ಪೋರ್ಟಲ್‌ನಲ್ಲಿ ಉದ್ದಿಮೆಯಾಗಿ ನೋಂದಣಿ ಮಾಡಿಸಿರಬೇಕು. ಒಬ್ಬರೇ ದುಡಿಯುವ ಡಿಸೈನರ್, ವಿಡಿಯೊ ಎಡಿಟರ್, ಅನುವಾದಕರಿಗೂ ಇದು ಸಿಗುತ್ತದೆ. ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. ಕೆಲಸ ಮುಗಿದ ಮೇಲೆ ಮಾಡಿಸಿದ ನೋಂದಣಿ ಹಳೆಯ ಬಾಕಿಗೆ ನೆರವಾಗುವುದು ಕಷ್ಟ, ಹಾಗಾಗಿ ತಡಮಾಡಬೇಡಿ. ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲೂ ಹಾಕಿ.

ನೆನಪಿಸುವ ಸಂದೇಶ ಹೀಗಿರಲಿ: ‘ಸರ್, ಮಾರ್ಚ್ 3ರ ಬಿಲ್ಲು, 18,000 ರೂಪಾಯಿ ಬಾಕಿ ಇದೆ. ಉದ್ಯಮ್ ಸಂಖ್ಯೆ ಬಿಲ್ಲಿನಲ್ಲಿದೆ. ಯಾವ ತಾರೀಖಿಗೆ ಜಮೆಯಾಗುತ್ತದೆ ತಿಳಿಸಿ.’ ‘ಸ್ವಲ್ಪ ಬೇಗ ಮಾಡಿ’ ಎಂದರೆ ‘ಆಯ್ತು’ ಎಂಬ ಉತ್ತರ ಬರುತ್ತದೆ. ತಾರೀಖು ಕೇಳಿದರೆ ತಾರೀಖು ಹೇಳಲೇಬೇಕಾಗುತ್ತದೆ. ಅಕೌಂಟ್ಸ್‌ನವರಿಗೆ ಇನ್ನೊಂದು ಮಾತೂ ಗೊತ್ತಿರುತ್ತದೆ: ಇಂಥ ಬಾಕಿಯನ್ನು ಗಡುವಿನೊಳಗೆ ತೀರಿಸದಿದ್ದರೆ, ಹಣ ಕೊಡುವವರೆಗೂ ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ಖರ್ಚೆಂದು ತೋರಿಸಲು ಬರುವುದಿಲ್ಲ.

ಅದಕ್ಕೂ ಬಗ್ಗದಿದ್ದರೆ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ಇಂಥ ಬಾಕಿಯ ತಕರಾರು ಬಗೆಹರಿಸುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ದೂರು ಕೊಡಬಹುದು. ಮೈಸೂರಿನಂಥ ಊರಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು, ದೂರು ಕೊಟ್ಟ ಮೇಲೆ ಆ ಸಂಬಂಧ ಮುಗಿದಂತೆ. ಆದರೂ ದೊಡ್ಡ ಮೊತ್ತ ಸಿಕ್ಕಿಕೊಂಡಿದ್ದರೆ ದಾಕ್ಷಿಣ್ಯ ಬೇಡ. ದಾಕ್ಷಿಣ್ಯಕ್ಕೆ ಸಿಕ್ಕಿಯೇ ನಮ್ಮ ಕಡೆಯ ಹುಡುಗರು ಹೆಚ್ಚು ಕಳೆದುಕೊಳ್ಳುವುದು.

ಬಿಲ್ಲಿನ ಹಣ ಕೊಡುವಾಗಲೇ ಟಿಡಿಎಸ್ (ಮುಂಗಡ ತೆರಿಗೆ ಕಡಿತ) ಎಂದು ಹಿಡಿದುಕೊಂಡಿರುವ ಹಣವೂ ನಿಮ್ಮದೇ. ವರ್ಷದ ಆದಾಯಕ್ಕೆ ತೆರಿಗೆ ಬಾರದಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಿರಿ.

ಆಮೇಲೆ ಖರ್ಚು

ಮದುವೆ ಫೋಟೊ ತೆಗೆಯುವವರನ್ನು ನೋಡಿ. ಆಷಾಢದಲ್ಲಿ ಮುಹೂರ್ತವಿಲ್ಲ ಎಂಬುದು ಗೊತ್ತಿರುವುದರಿಂದ ವೈಶಾಖದ ದುಡಿಮೆಯಲ್ಲೇ ಒಂದಿಷ್ಟು ಎತ್ತಿಡುತ್ತಾರೆ. ಹಿಂಜರಿತಕ್ಕೆ ಪಂಚಾಂಗವಿಲ್ಲ. ಬಾಡಿಗೆ, ಊಟ, ಕರೆಂಟು, ಇಂಟರ್‌ನೆಟ್, ಊರಿಗೆ ಕಳಿಸುವ ಹಣ ಇಷ್ಟನ್ನೇ ಕೂಡಿಸಿ. ಅಷ್ಟರ ಆರು ತಿಂಗಳ ಮೊತ್ತ ಬೇರೆ ಖಾತೆಯಲ್ಲಿರಲಿ. ಒಂದೇ ಸಲಕ್ಕೆ ಆಗುವುದಿಲ್ಲ, ಬಾಕಿ ಬಂದಾಗಲೆಲ್ಲ ಮೊದಲು ಅಲ್ಲಿಗೆ ಹಾಕುತ್ತಾ ಹೋಗಿ.

ಕೈ ಬರಿದಾದಾಗ ಸಾಲದ ಆ್ಯಪ್ ತೆರೆಯಬೇಡಿ. ಕ್ರೆಡಿಟ್ ಕಾರ್ಡಿನಲ್ಲಿ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋದರೆ ಬಡ್ಡಿ ತಿಂಗಳಿಗೇ ಶೇ 3ರ ಆಸುಪಾಸು. ಬೇರೆ ದಾರಿಯೇ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಚಿನ್ನದ ಮೇಲೆ ಸಾಲ ಎಷ್ಟೋ ವಾಸಿ.

ಸಂಬಳದ ಕೆಲಸದಲ್ಲಿರುವ ಕಿರಿಯರು

ಮೈಸೂರಿನ ಹೆಬ್ಬಾಳದ ಐಟಿ ಕ್ಯಾಂಪಸ್‌ಗಳಲ್ಲೋ ಹೂಟಗಳ್ಳಿಯ ಕಾರ್ಖಾನೆಯಲ್ಲೋ ಈಗಷ್ಟೇ ಸೇರಿದವರು ಎರಡು ವಿಷಯ ನೋಡಿಕೊಳ್ಳಿ. ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಅಪ್ಪ ಅಮ್ಮನ ಸಕ್ಕರೆ ಕಾಯಿಲೆ, ಬಿಪಿಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಸಂಬಳ ಬರುತ್ತಿರುವಾಗಲೇ ಸ್ವಂತದ್ದೊಂದು ಮಾಡಿಸಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ.

ಎರಡನೆಯದು ಕಾಗದಪತ್ರ. ಕೆಲಸದಿಂದ ತೆಗೆಯುವ ದಿನ ಲ್ಯಾಪ್‌ಟಾಪ್ ಮಧ್ಯಾಹ್ನದೊಳಗೇ ಲಾಕ್ ಆಗಬಹುದು. ನೇಮಕಾತಿ ಪತ್ರ, ಪೇ ಸ್ಲಿಪ್, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪತ್ರ), ಪಿಎಫ್‌ನ ಯುಎಎನ್ ಸಂಖ್ಯೆ ಎಲ್ಲವನ್ನೂ ನಿಮ್ಮ ಸ್ವಂತ ಇಮೇಲ್‌ನಲ್ಲಿ ಇಟ್ಟುಕೊಳ್ಳಿ. ಯುಎಎನ್‌ಗೆ ಜೋಡಿಸಿದ ಮೊಬೈಲ್ ನಂಬರ್ ಕಂಪನಿ ಸಿಮ್ಮಿನದಾಗಿದ್ದರೆ ಈ ವಾರವೇ ಬದಲಾಯಿಸಿ.