ಬೈಲಕುಪ್ಪೆಯಿಂದ ಬೆಂಗಳೂರು ಲೀಗ್‌ಗೆ: ನನ್ನ ಅನುಭವ

ನಾನು 1989ರಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನಲ್ಲಿ ಹುಟ್ಟಿದೆ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡುನೆಲವನ್ನು ನಮ್ಮ ಹಿರಿಯರು ಹಸನು ಮಾಡಿ ಮುಸುಕಿನ ಜೋಳ ಬೆಳೆದರು. ಚಳಿಗಾಲದಲ್ಲಿ ಹೆತ್ತವರು ಸ್ವೆಟರ್ ಮಾರಲು ದೂರದ ಊರುಗಳಿಗೆ ಹೋದಾಗ, ಅಜ್ಜಿಯರ ಬಳಿ ಉಳಿದ ಮಕ್ಕಳಿಗೆ ಕಟಾವಾದ ಹೊಲವೇ ಫುಟ್‌ಬಾಲ್ ಮೈದಾನವಾಗಿತ್ತು. ಕೂಳೆಗೆ ತಗುಲಿದ ಚೆಂಡು ಎತ್ತಲೋ ಪುಟಿಯುತ್ತಿದ್ದುದರಿಂದ, ಬಂದ ಚೆಂಡನ್ನು ಕಾಲಿಗೆ ತಾಗಿದೊಡನೆ ಅಡಗಿಸುವುದು ನನಗೆ ತರಬೇತಿಯಿಲ್ಲದೆಯೇ ಬಂತು. ಮುಂದೆ ಬೆಂಗಳೂರಿನ ಕ್ಲಬ್ಬೊಂದು ನನ್ನನ್ನು ಮಿಡ್‌ಫೀಲ್ಡಿಗೆ ಆರಿಸಿಕೊಂಡದ್ದು ಈ ಒಂದು ಗುಣಕ್ಕಾಗಿ.

ಆ ಕ್ಲಬ್ಬಿನವರು ನನ್ನ ಆಟವನ್ನು ಮೊದಲು ಕಂಡದ್ದು ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ ಟಿಬೆಟಿಯನ್ ವಸಾಹತುಗಳ ತಂಡಗಳ ನಡುವೆ ನಡೆಯುವ ಗ್ಯಾಲ್ಯುಮ್ ಚೆನ್ಮೊ ಚಿನ್ನದ ಕಪ್ ಪಂದ್ಯಾವಳಿಯಲ್ಲಿ. ಸಂಬಳ ದೊಡ್ಡದಲ್ಲದಿದ್ದರೂ ಆಟಕ್ಕೆಂದೇ ಕೈಗೆ ಬಂದ ಹಣವಾದ್ದರಿಂದ ನನ್ನ ಪಾ-ಲಾ, ಅಂದರೆ ಅಪ್ಪ, ಅದನ್ನು ಎರಡೆರಡು ಬಾರಿ ಎಣಿಸಿದರು. ಆದರೆ ನೋಂದಣಿಯ ದಿನ ಗುಮಾಸ್ತರೊಬ್ಬರು ನನ್ನ ಆರ್‌ಸಿಯನ್ನು, ಅಂದರೆ ವಿದೇಶಿಯರ ನೋಂದಣಿ ಪತ್ರವನ್ನು, ತಿರುಗಿಸಿ ನೋಡಿ ಇದು ಯಾವ ದೇಶದ್ದೆಂದು ಕೇಳಿದಾಗ, ನನ್ನ ಎದುರಾಳಿ ಮೈದಾನದ ಹೊರಗೂ ಇದ್ದಾನೆಂದು ತಿಳಿಯಿತು.

ಭಾರತದ ತಂಡಕ್ಕೆ ಆಡಲು ಭಾರತದ ಪಾಸ್‌ಪೋರ್ಟ್ ಬೇಕು. ಟಿಬೆಟ್ ತಂಡ ಜಾಗತಿಕ ಫುಟ್‌ಬಾಲ್ ಒಕ್ಕೂಟವಾದ ಫಿಫಾದ ಸದಸ್ಯನಲ್ಲ, ಹಾಗಾಗಿ ವಿಶ್ವಕಪ್‌ನಂಥ ಪಂದ್ಯಾವಳಿಗಳಲ್ಲಿ ಆಡುವಂತಿಲ್ಲ. 2001ರಲ್ಲಿ ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ಎದುರು 4-1ರಿಂದ ಸೋತ ತಂಡವನ್ನು ನಮ್ಮ ಕ್ಯಾಂಪು ಗೆದ್ದವರಂತೆ ಕೊಂಡಾಡಿದ್ದು ಏಕೆಂದು ಇದರಿಂದ ಅರ್ಥವಾದೀತು.

ಈಗ ನಾನು ಹದಿಹರೆಯದವರಿಗೆ ತರಬೇತಿ ಕೊಡುತ್ತೇನೆ. ಮಕ್ಕಳು ನನ್ನನ್ನು ಗೆನ್-ಲಾ, ಅಂದರೆ ಗುರುಗಳೇ, ಎನ್ನುತ್ತಾರೆ. ಹೊಸಬರು ಬಂದ ಮೊದಲ ಸಂಜೆ ಚೆಂಡು ಹೊರತೆಗೆಯುವುದಿಲ್ಲ. ಹೆತ್ತವರನ್ನು ಕೂರಿಸಿಕೊಂಡು ಅವರು ಹುಟ್ಟಿದ ವರ್ಷ ಮತ್ತು ಸ್ಥಳ ಕೇಳುತ್ತೇನೆ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು; ಟಿಬೆಟಿಯನ್ನರಿಗೂ ಇದು ಸಲ್ಲುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿದೆ. 1987ರ ಜುಲೈ 1ರಿಂದ 2004ರ ಡಿಸೆಂಬರ್ 3ರ ಮುನ್ನಾದಿನದವರೆಗೆ ಇಲ್ಲಿ ಹುಟ್ಟಿದವರಿಗೆ ಹೆತ್ತವರಲ್ಲಿ ಒಬ್ಬರು ನಾಗರಿಕರಾಗಿದ್ದರೆ ಸಾಕು. ಆಮೇಲೆ ಹುಟ್ಟಿದವರಿಗೆ ನಿಯಮ ಇನ್ನೂ ಬಿಗಿ. ನನ್ನ ತಂದೆ ತಾಯಿ ಇಬ್ಬರೂ ಟಿಬೆಟಿನಲ್ಲಿ ಹುಟ್ಟಿದವರಾದ್ದರಿಂದ ನನಗೆ ಆ ದಾರಿ ಇರಲಿಲ್ಲ, ಆದರೆ ಈ ಮಕ್ಕಳಲ್ಲಿ ಕೆಲವರಿಗೆ ಇದೆ.

ಕಾನೂನಿನ ಮಾತು ಬಂದಾಗ ಮನೆಗಳಲ್ಲಿ ಬಿಸಿಯೇರುವುದುಂಟು. ನಾಗರಿಕತ್ವ ಪಡೆದರೆ ಟಿಬೆಟಿಗೆ ಬೆನ್ನು ತೋರಿದಂತೆ ಎನ್ನುವ ಹಿರಿಯರಿದ್ದಾರೆ. ಅವರನ್ನು ಒಪ್ಪಿಸುವುದು ನನ್ನ ಕೆಲಸವಲ್ಲ. ಹದಿನಾಲ್ಕರ ಹುಡುಗಿಯೊಬ್ಬಳು ಭಾರತದ ಅಂಗಿಯ ಕನಸು ಕಾಣುತ್ತಿದ್ದರೆ ಅವಳಿಗೆ ನಿಜಸ್ಥಿತಿಯನ್ನು ಈಗಲೇ ಹೇಳಬೇಕು ಎಂಬುದಷ್ಟೇ ನನ್ನ ಹಟ, ಏಕೆಂದರೆ ಇಪ್ಪತ್ತರಲ್ಲಿ ಗೊತ್ತಾದವರು ಆಟವನ್ನೇ ಬಿಟ್ಟದ್ದನ್ನು ಕಂಡಿದ್ದೇನೆ. ಪಾಸ್‌ಪೋರ್ಟ್ ಬೇಡವೆನ್ನುವವರಿಗೆ ಆರ್‌ಸಿ ನವೀಕರಣದ ದಿನವನ್ನು ಪಂದ್ಯದ ದಿನದಂತೆ ಗುರುತಿಟ್ಟುಕೊಳ್ಳಲು ಹೇಳಿ, ಆಡುತ್ತಿರುವಾಗಲೇ ಕೋಚಿಂಗ್ ಕಲಿಯಲು ಹಚ್ಚುತ್ತೇನೆ.

ಈಚೆಗೆ ಕುಶಾಲನಗರದ ಹುಡುಗರೂ ಬರತೊಡಗಿದ್ದಾರೆ. ಅವರ ಮೊದಲ ಸಂಜೆ ನೇರವಾಗಿ ಚೆಂಡಿನಿಂದಲೇ ಆರಂಭವಾಗುತ್ತದೆ.